ಬೇರೆ ಪುಸ್ತಕದಲ್ಲಿದ್ದ ಹೆಸರು

ಮಾದೇವಿ, ನೀನು ಒಂದು ದಿನವೂ ಶಾಲೆ ತಪ್ಪಿಸಿರಲಿಲ್ಲ. ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರುಹಾಜರಿ ಎಂದು ಬರೆದವಳು ನಾನು — ನೀನು ನನ್ನ ಕಣ್ಣೆದುರು, ಕಿಟಕಿಯ ಪಕ್ಕ, ಚಕ್ಕಳಮಕ್ಕಳ ಹಾಕಿ ಕೂತಿದ್ದಾಗಲೇ. ಒಂದೆರಡು ದಿನವಲ್ಲ, ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ. ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ನಿನ್ನ ಕೈತಪ್ಪಿದ್ದು ಅದರಿಂದ. ನಿನ್ನ ಅಪ್ಪ ಇವತ್ತಿಗೂ ನಿನ್ನನ್ನು ಸುಳ್ಳಿ ಎಂದುಕೊಂಡಿರುವುದೂ ಅದರಿಂದಲೇ. ಹನ್ನೆರಡು ವರ್ಷ ಇದನ್ನು ನುಂಗಿಕೊಂಡೇ ಇದ್ದೆ.

ನಾನು ಹೆದರಿದ್ದೆ. ನೆಪಕ್ಕೆ ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ. ಚಾಮರಾಜನಗರ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ನಿಮ್ಮೂರ ಶಾಲೆಗೆ ನಾನು ಇನ್‌ಚಾರ್ಜ್ ಹೆಡ್‌ಮಿಸ್ಟ್ರೆಸ್. ಏಳು ತರಗತಿಗೆ ಮೂರು ಜನ ಟೀಚರುಗಳು. ಪ್ರತಿ ವರ್ಷ ಏಳನೇ ತರಗತಿಯ ಫಲಿತಾಂಶ ಬಂದ ಮೇಲೆ ಗುಂಡ್ಲುಪೇಟೆಯಲ್ಲಿ ಹೆಡ್‌ಮಾಸ್ಟರುಗಳ ಸಭೆ ಸೇರುತ್ತಿತ್ತು. ತಾಲ್ಲೂಕಿನ ಶಿಕ್ಷಣಾಧಿಕಾರಿಗಳು, ನಾವೆಲ್ಲ ಸಾಹೇಬರು ಅನ್ನುತ್ತಿದ್ದವರು, ಒಂದೊಂದೇ ಶಾಲೆಯ ಹೆಸರು ಓದುತ್ತಿದ್ದರು. ಮಕ್ಕಳು ಫೇಲಾದ ಶಾಲೆಯವರು ಎದ್ದು ನಿಲ್ಲಬೇಕು, ಸಭೆ ಮುಗಿಯುವವರೆಗೂ ಕೂರುವ ಹಾಗಿಲ್ಲ. ಸೂರು ಸೋರುತ್ತದೆಯೇ, ಗಣಿತಕ್ಕೆ ಮೇಷ್ಟ್ರಿದ್ದಾರೆಯೇ, ಪಠ್ಯಪುಸ್ತಕ ಯಾವ ತಿಂಗಳಲ್ಲಿ ಬಂತು — ಇದನ್ನೆಲ್ಲ ಯಾರೂ ಕೇಳುತ್ತಿರಲಿಲ್ಲ. ಹಿಂದಿನ ವರ್ಷ ನಮ್ಮಲ್ಲಿ ಇಬ್ಬರು ಫೇಲಾಗಿದ್ದರು. ನಾನು ನಿಂತೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಮುಂದಿನ ವರ್ಷಾನೂ ಹಿಂಗೇ ಆದ್ರೆ ಬಂಡೀಪುರದ ಮದ್ದೂರ್ ಕಡೆ ಕಾಡಿಗೆ ಕಳಿಸ್ತೀನಿ ಮೇಡಂ, ಆನೆಗಳಿಗೆ ಪಾಠ ಮಾಡ್ಕೊಂಡಿರಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ನೋಡು, ಥೂ!

ಸಾಹೇಬರು ತಮಾಷೆಗೆ ಹೇಳಿರಲಿಲ್ಲ. ಅದಕ್ಕೂ ಹಿಂದಿನ ವರ್ಷ ಒಬ್ಬ ಟೀಚರನ್ನು ನಿಜವಾಗಿಯೂ ಅಲ್ಲಿಗೆ ಹಾಕಿದ್ದರು. ನನ್ನ ಗಂಡನ ಕೆಲಸ ಚಾಮರಾಜನಗರದಲ್ಲಿ, ಮಗಳು ಅಲ್ಲೇ ಮೂರನೇ ತರಗತಿ. ಅವರಿಬ್ಬರನ್ನು ಬಿಟ್ಟು, ಬಸ್ಸಿಳಿದು ಕಾಡಿನ ದಾರಿಯಲ್ಲಿ ಒಬ್ಬಳೇ ನಡೆಯುವ ಕನಸು ನನಗೆ ವಾರಕ್ಕೆರಡು ಸಲ ಬೀಳುತ್ತಿತ್ತು.

ಸಭೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ದಾರಿ ತೋರಿಸಿದವರು ಪಕ್ಕದೂರ ಶಾಲೆಯ ಪುಟ್ಟಸ್ವಾಮಿ ಮೇಷ್ಟ್ರು. ಅವರದು ಯಾವಾಗಲೂ ನೂರಕ್ಕೆ ನೂರು ಫಲಿತಾಂಶ.

"ನೀವೊಳ್ಳೆ ಕತೆ ಮೇಡಂ," ಅಂದರು. "ಎಲ್ಲಾ ಮಕ್ಳನ್ನೂ ಪರೀಕ್ಸೆಗೆ ಕೂರುಸ್ತಾರಾ ಯಾರಾದ್ರೂವ? ತೂರ್ಬುಡಿ."

ತೂರುವುದು ಅಂದರೆ ಇಷ್ಟೇ. ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿ ಶಿವರಾತ್ರಿ ಹೊತ್ತಿಗೆ ತಾಲ್ಲೂಕು ಕಚೇರಿಗೆ ಹೋಗುತ್ತದೆ. ಅದಕ್ಕೆ ಮುಂಚೆ, ಪಾಸಾಗುವುದು ಅನುಮಾನ ಅನ್ನಿಸಿದ ಮಗುವಿಗೆ ಒಂದೂವರೆ ತಿಂಗಳು ಗೈರುಹಾಜರಿ ಹಾಕಿ, ಬಹುಕಾಲ ಬಂದಿಲ್ಲ ಎಂದು ಬರೆದು ಹೆಸರು ಹೊಡೆದುಹಾಕುವುದು — ಮೊರದಿಂದ ಜಳ್ಳು ತೂರಿದ ಹಾಗೆ. ಹೆಡ್‌ಮಾಸ್ಟರುಗಳು ನಮ್ಮನಮ್ಮಲ್ಲಿ ಅದನ್ನು ಹಾಗೇ ಕರೆಯುತ್ತಿದ್ದೆವು. ಮಕ್ಕಳನ್ನು ಜಳ್ಳು ಅಂದವರು ನಾವು, ಟೀ ಕುಡಿಯುತ್ತಾ.

ನಿಮ್ಮ ತರಗತಿಯಲ್ಲಿ ಹದಿನೆಂಟು ಮಕ್ಕಳಿದ್ದಿರಿ. ಹದಿನೇಳರ ಬಗ್ಗೆ ನನಗೆ ಧೈರ್ಯವಿತ್ತು. ಭಿನ್ನರಾಶಿ ಬಂದರೆ ನೀನೊಬ್ಬಳು ಕಂಗಾಲಾಗುತ್ತಿದ್ದೆ. ಕನ್ನಡವನ್ನು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದೆ, ನಿಧಾನ, ಆದರೆ ತಪ್ಪಿಲ್ಲದೆ. ಬೆಳಿಗ್ಗೆ ನಿಮ್ಮವ್ವನ ಜೊತೆ ಅರಿಸಿನ ಬಿಡಿಸಿ ಬರುತ್ತಿದ್ದುದರಿಂದ ನಿನ್ನ ಬೆರಳೆಲ್ಲ ಹಳದಿ, ನೀನು ಮುಟ್ಟಿದ ಪುಟವೆಲ್ಲ ಹಳದಿ. ನೀನು ಪಾಸಾಗುತ್ತಿದ್ದೆಯೋ ಏನೋ — ಈ ಹನ್ನೆರಡು ವರ್ಷದಲ್ಲಿ ಇದನ್ನು ನೂರಾರು ಸಲ ಕೇಳಿಕೊಂಡಿದ್ದೇನೆ. ಕೇಳಿಕೊಳ್ಳಬೇಕಾಗಿದ್ದ ದಿನ ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಶಾಲೆಗೆ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ನೀನು. ಕಿಟಕಿ ತೆಗೆದು, ಆಫೀಸು ಕೋಣೆಯಿಂದ ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದವಳು ನೀನೇ. ಸಂಕ್ರಾಂತಿ ಕಳೆದ ಮೊದಲ ದಿನ, ಆ ಪುಸ್ತಕದಲ್ಲಿ ನಾನು ಹದಿನೇಳು ಹೆಸರು ಕೂಗಿ ಮುಚ್ಚಿಬಿಟ್ಟೆ. ಎರಡನೇ ದಿನ ನೀನು ಎದ್ದು ನಿಂತು ಕೇಳಿದೆ.

"ಯಾಕ್ ಮಿಸ್, ನನ್ನೆಸ್ರ ಕೂಗ್ನೇ ಇಲ್ಲ?"

"ನಿನ್ನ ಹೆಸರು ಬೇರೆ ಪುಸ್ತಕದಲ್ಲಿದೆ. ಕೂತ್ಕೋ."

ಮೊದಲೇ ಯೋಚಿಸಿಟ್ಟ ಮಾತಲ್ಲ ಅದು. ಬಾಯಿಗೆ ಬಂತು, ಅಂದುಬಿಟ್ಟೆ. ನಿನಗೋ ಖುಷಿ! ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ನೀನು ಗೆಳತಿಯರಿಗೆ, "ನಂಗ ಬ್ಯಾರೆ ಪುಸ್ತಕ ಅದ ಕಣಮ್ಮಿ, ಮಿಸ್ಸೇ ಯೋಳವ್ರ" ಅನ್ನುತ್ತಿದ್ದುದು ನನ್ನ ಕಿವಿಗೆ ಬಿತ್ತು. ಅವತ್ತು ಅನ್ನದ ಡಬ್ಬಿಯನ್ನು ತೆರೆಯದೆ ಹಾಗೇ ಮನೆಗೆ ಒಯ್ದೆ. ಆದರೂ ಮಾರನೆಯ ದಿನ ಕೆಂಪು ಪೆನ್ನು ತೆಗೆದೆ.

ಒಂದು ದಿನ ಹೇಳದೆ ಕೇಳದೆ ಸಾಹೇಬರ ಜೀಪು ಬಂತು. ಎಲ್ಲ ಶಾಲೆಗಳಲ್ಲೂ ಪುಸ್ತಕದಲ್ಲಿರುವಷ್ಟು ಮಕ್ಕಳು ತರಗತಿಯಲ್ಲಿ ಇರುವುದಿಲ್ಲ, ಅದು ಅವರಿಗೆ ಗೊತ್ತು, ತಲೆ ಎಣಿಸುವುದು ಅದಕ್ಕೇ. ನನ್ನ ತರಗತಿಯಲ್ಲಿ ಎಣಿಸಿದರೆ ಒಂದು ತಲೆ ಜಾಸ್ತಿ! ಜೀಪಿನ ಸದ್ದು ಕೇಳುತ್ತಲೇ ಶಾಲೆಯ ನೀರಿನ ಕೊಡ ನಿನ್ನ ಕೈಗೆ ತುರುಕಿ, "ಬೋರಿನ ಹತ್ರ ಹೋಗು, ನಾನು ಕರೆಯೋವರೆಗೆ ಬರಬೇಡ" ಎಂದು ಹಿಂದಿನ ಬಾಗಿಲಿನಿಂದ ಕಳಿಸಿದೆ. ಸಾಹೇಬರು ಹಾಜರಿ ಪುಸ್ತಕ ಕೈಗೆತ್ತಿಕೊಂಡರು. ರಟ್ಟಿನ ತುಂಬ ನಿನ್ನ ಹಳದಿ ಬೆರಳಚ್ಚು.

"ಏನ್ ಮೇಡಂ, ಹಾಜರಿ ಪುಸ್ತಕಕ್ಕೆ ಅರಿಸಿನ ಹಚ್ಚಿ ಪೂಜೆ ಮಾಡ್ತೀರಾ?"

"ಹೂಂ ಸಾರ್," ಅಂದೆ.

ಹದಿನೇಳು ತಲೆ ಎಣಿಸಿ, ಸರಿಯಾಗಿದೆ ಎಂದು ಬರೆದು, ಕಾಫಿ ಕುಡಿದು, ಮಗ್ಗಿ ಕೇಳಿ, ಅವರು ಹೊರಟಾಗ ಮಧ್ಯಾಹ್ನ. ಓಡಿಹೋಗಿ ನೋಡಿದರೆ ನೀನು ಬಿಸಿಲಲ್ಲಿ ತುಂಬಿದ ಕೊಡದ ಪಕ್ಕ ಕೂತಿದ್ದೆ. ಕರೆಯುವವರೆಗೂ ಬರಬೇಡ ಅಂದಿದ್ದೆನಲ್ಲ, ನೀನು ಬಂದಿರಲಿಲ್ಲ. ನನಗೆ ನಿನ್ನ ಮುಖ ನೋಡಲಾಗಲಿಲ್ಲ. ಕೊಡ ಇಸಿದುಕೊಂಡು ಮುಂದೆ ನಡೆದೆ.

ಆಮೇಲೆ ಪ್ರವೇಶಪತ್ರ ಹಂಚುವ ದಿನ. ಹದಿನೇಳು ಬಂದವು. ನಿನ್ನದೆಲ್ಲಿ ಎಂದು ನೀನು ಕೇಳಲಿಲ್ಲ, ಬೇರೆ ಪುಸ್ತಕದವರಿಗೆ ನಾಳೆ ಬರುತ್ತದೆ ಎಂದುಕೊಂಡಿರಬೇಕು. ಮರುದಿನ ಬೆಳಿಗ್ಗೆ ನಿನ್ನ ಅಪ್ಪ ನಂಜಯ್ಯ ಕೂಲಿಗೆ ಹೋಗುವುದನ್ನು ಬಿಟ್ಟು ನಿನ್ನ ಕೈ ಹಿಡಿದುಕೊಂಡು ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತ.

"ನಮ್ ಮಾದೇವಿಗೆ ನಂಬ್ರ ಬಂದಿಲ್ವಂತಲ್ಲ, ಟೀಚರಮ್ಮ?"

ನಾನು ಪುಸ್ತಕ ಬಿಡಿಸಿ ತೋರಿಸಿದೆ. ಅವನಿಗೆ ಓದು ಬಾರದು, ಆದರೆ ಕೆಂಪು ಕಾಣುತ್ತದಲ್ಲ. ಎಲ್ಲರ ಸಾಲೂ ನೀಲಿ, ನಿನ್ನದು ಉದ್ದಕ್ಕೂ ಕೆಂಪು. "ಸಂಕ್ರಾಂತಿಯಿಂದ ಬಂದೇ ಇಲ್ಲ," ಅಂದೆ.

ಅವನು ನಿನ್ನ ಕಡೆ ತಿರುಗಿದ. "ಎತ್ತಗ್ ಓಯ್ತಿದ್ದಮ್ಮಿ ದಿನಾ ಎದ್ದು?"

"ನಾ ಇಲ್ಲಿಗೇ ಬತ್ತಿದ್ದಿ ಕಣಪ್ಪ. ನನ್ನೆಸ್ರು ಬ್ಯಾರೆ ಪುಸ್ತಕದಲ್ಲದ. ಮಿಸ್ಸ ಕೇಳು."

ನೀನು ನನ್ನನ್ನು ನೋಡಿದೆ. ಆ ನೋಟದಲ್ಲಿ ಅನುಮಾನವೇ ಇರಲಿಲ್ಲ ಮಾದೇವಿ, ಅದೇ ನನ್ನನ್ನು ಇವತ್ತಿಗೂ... ನಿನ್ನ ಅಪ್ಪ ಕೇಳಿದ, "ಅದಾ ಟೀಚರಮ್ಮ, ಬ್ಯಾರೆ ಪುಸ್ತಕ?"

"ಇಲ್ಲ," ಅಂದೆ.

ಒಂದೇ ಮಾತು. ಹಿಂದೆ ಹದಿನೇಳು ಮಕ್ಕಳು ಕೂತಿದ್ದರು, ಎಲ್ಲರಿಗೂ ನಿಜ ಗೊತ್ತು. ಒಂದು ಮಗುವೂ ಬಾಯಿ ಬಿಡಲಿಲ್ಲ, ತಲೆ ತಗ್ಗಿಸಿದವು. ನಾನು ಸಾಹೇಬರಿಗೆ ಹೆದರಿದ ಹಾಗೆ ಅವು ನನಗೆ ಹೆದರಿದವು. ನೀನು, "ಇವ್ರನ್ನೆಲ್ಲ ಕೇಳಪ್ಪ, ಕೇಳು" ಎಂದು ಅಳುತ್ತಿದ್ದೆ. ನಂಜಯ್ಯ ಯಾರನ್ನೂ ಕೇಳಲಿಲ್ಲ. "ಸರ್ಕಾರಿ ಪುಸ್ತಕ ಸುಳ್ಳ್ ಯೋಳ್ತದಾ?" ಎಂದು ನಿನ್ನ ಕೆನ್ನೆಗೆ ಹೊಡೆದ. ನನಗೆ ಕೈಮುಗಿದ. ನಿನ್ನನ್ನು ಎಳೆದುಕೊಂಡು ಹೋದ. ಮುಂದಿನ ವರ್ಷ ಕೂತರಾಯಿತು ಎಂದು ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆನಲ್ಲ, ಆ ಮುಂದಿನ ವರ್ಷ ನಿನಗೆ ಬರಲೇ ಇಲ್ಲ. ಅವತ್ತಿಗೇ ನಿನ್ನನ್ನು ಅರಿಸಿನದ ಹೊಲಕ್ಕೆ ಹಾಕಿದ.

ನಮ್ಮ ಶಾಲೆಗೆ ನೂರಕ್ಕೆ ನೂರು ಬಂತು. ಅಷ್ಟರಲ್ಲಿ ಜಿಲ್ಲೆಯಾಗಿದ್ದ ಚಾಮರಾಜನಗರದಲ್ಲಿ ಕರೆದು ಶಾಲು ಹೊದಿಸಿದರು. ವೇದಿಕೆಯ ಮೇಲೆ ಕೂತು ನಾನು ಸಭೆಯ ಬಾಗಿಲನ್ನೇ ನೋಡುತ್ತಿದ್ದೆ. ಈಗ ನಂಜಯ್ಯ ಬರುತ್ತಾನೆ, ಚಪ್ಪಲಿ ಬಿಟ್ಟು ನಿಲ್ಲುತ್ತಾನೆ, ಎಲ್ಲರೆದುರು ಅದೇ ಪ್ರಶ್ನೆ ಕೇಳುತ್ತಾನೆ ಎಂದು. ಅವನು ಬರಲಿಲ್ಲ. ನನಗೆ ಮನೆಯ ಹತ್ತಿರಕ್ಕೇ ವರ್ಗವಾಯಿತು. ಆ ಶಾಲನ್ನು ಒಂದು ಸಲವೂ ಹೊದೆಯಲಿಲ್ಲ, ಯಾರಿಗೂ ಕೊಡಲೂ ಇಲ್ಲ. ಆಮೇಲೆ ನಾನು ಯಾವ ಮಗುವನ್ನೂ ತೂರಲಿಲ್ಲ. ಅದನ್ನು ದೊಡ್ಡದು ಮಾಡಿ ಹೇಳುವುದಕ್ಕೆ ನನಗೆ ಮುಖವಿಲ್ಲ. ನಿವೃತ್ತಿಯಾಗುವ ದಿನದವರೆಗೂ, ಬೆಳಿಗ್ಗೆ ಹಾಜರಿ ಪುಸ್ತಕ ತೆರೆದರೆ ಮೊದಲು ಹೆಸರು ಎಣಿಸಿ, ಆಮೇಲೆ ತಲೆ ಎಣಿಸುತ್ತಿದ್ದೆ.

ಕಳೆದ ವಾರ ಸುಧಾ ಮನೆಗೆ ಬಂದಿದ್ದಳು. ಆಮೇಲಿನ ಶಾಲೆಯಲ್ಲಿ ನನ್ನ ಜೊತೆ ಕೆಲಸ ಮಾಡಿದವಳು, ಈಗ ನಿಮ್ಮೂರ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು. ಕಾಫಿ ಕುಡಿಯುತ್ತಾ ನಗುನಗುತ್ತಾ ಹೇಳಿದಳು. "ಒಬ್ಬಳು ಮಾದೇವಿ ಅಂತ ಇದಾಳೆ ಮೇಡಂ. ದಿನಾ ಮಗಳನ್ನ ಕೂರಿಸಿ ಬಾಗಿಲ ಹತ್ರಾನೇ ನಿಂತಿರ್ತಾಳೆ. ನಾನು ಹೆಸರು ಕೂಗಿ, ಮಗು 'ಎಸ್ ಮಿಸ್' ಅನ್ನಬೇಕು, ಆಮೇಲೇ ಕೂಲಿಗೆ ಹೋಗೋದು. ಯಾಕಮ್ಮ ಅಂದ್ರೆ, 'ಎಸ್ರು ಯಾವ ಪುಸ್ತಕದಲ್ಲದ ಅಂತ ನೋಡ್ಕಬೇಕು ಮಿಸ್' ಅಂತಾಳೆ. ಎಂಥ ಹುಚ್ಚು ನೋಡಿ!"

ನಾನು ನಗಲಿಲ್ಲ. ಅವಳು ಇನ್ನೊಂದನ್ನೂ ಹೇಳಿದಳು. ಶಾಲೆಯ ದಾರಿಯಲ್ಲಿ ಮಗುವಿನ ತಾತ ನಂಜಯ್ಯ ಜಗುಲಿಯ ಮೇಲೆ ಕೂತಿರುತ್ತಾನಂತೆ, ಮೊಮ್ಮಗಳನ್ನು ಕಂಡಾಗಲೆಲ್ಲ ಕೂಗಿ ಹೇಳುತ್ತಾನಂತೆ, "ನಿಮ್ಮವ್ವನಂಗ ಸ್ಕೂಲ್ ಬುಟ್ಟು ತಿರುಗ್ಬ್ಯಾಡ ಕಣಮ್ಮಿ." ಪಕ್ಕದಲ್ಲಿ ನೀನೂ ಇರುತ್ತೀಯಂತೆ. ಮಗಳ ಕೈ ಹಿಡಿದು ನಡೆಯುತ್ತೀಯಂತೆ.

ಸುಧಾ ಹೋದ ಮೇಲೆ ಎರಡು ದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಹಿಂದಿರುಗಿ ಬಂದೆ. ಮದ್ದೂರಿನ ಆನೆಗೂ ನಾನು ಇಷ್ಟು ಹೆದರಿರಲಿಲ್ಲ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ನೀನು ಕುರ್ಚಿ ತಂದು ಹಾಕಿ, "ಕೂತ್ಕಳಿ ಮಿಸ್" ಅಂದುಬಿಟ್ಟರೆ... ಆ ಹೆದರಿಕೆಗೇ ಎರಡು ಸಲವೂ ವಾಪಸ್ಸು ಬಂದದ್ದು. ಮೊದಲು ಈ ಕಾಗದವನ್ನು ಕಳಿಸಿ, ಅಪ್ಪನಿಗೆ ನೀನೇ ಓದಿ ಹೇಳು ಎಂದು ಬರೆಯೋಣ ಅಂದುಕೊಂಡಿದ್ದೆ. ಎಂಥ ಹೆಂಗಸು ನಾನು! ಇನ್ನೊಂದು ಸಲ ನಿನ್ನನ್ನು ಅವನೆದುರು ನಿಲ್ಲಿಸಿ, ಇನ್ನೊಂದು ಸಲ ನಾನು ತಪ್ಪಿಸಿಕೊಳ್ಳುವುದು. ಅವನು ಕೇಳಿದ್ದು ನನ್ನನ್ನು. ಹೇಳಬೇಕಾದವಳು ನಾನೇ.

ಕಾಗದವನ್ನು ಸುಧಾಳ ಕೈಲಿ ಕೊಡುತ್ತಿದ್ದೇನೆ. ನಿಧಾನವಾಗಿ ಓದು, ಸಾಲಿಗೆ ಬೆರಳಿಟ್ಟು. ಬರುವ ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ನನ್ನನ್ನು ಕ್ಷಮಿಸು ಎಂದು ಕೇಳುವುದಕ್ಕಲ್ಲ. ಹಾಜರಿ ಕೂಗುವ ಹೊತ್ತಿಗೆ ನೀನು ಅದೇ ಬಾಗಿಲಲ್ಲಿ ಇರು ಮಾದೇವಿ. ಅವತ್ತು ಅವನು ನಿನ್ನನ್ನು ಕರೆದುಕೊಂಡು ಬಂದ ಹಾಗೆ, ಈ ಸಲ ನೀನು ನಿನ್ನ ಅಪ್ಪನ ಕೈ ಹಿಡಿದು ಕರೆದುಕೊಂಡು ಬಾ.