ಸೋಮವಾರ ಹಾರುವ ಎತ್ತುಗಳು

ನನ್ನ ಹಳೆಯ ಫೋನಿನಲ್ಲಿ ಹೊಲ ಉಳುವ ಒಂದು ಆಟವಿದೆ. ಯಾರೋ ಅರೆಮನಸ್ಸಿನಿಂದ ಮಾಡಿ ಬಿಟ್ಟಿದ್ದು. ಎತ್ತಿನ ಕಾಲು ಮಣ್ಣೊಳಗೆ ಮುಳುಗುತ್ತದೆ, ಕೋಳಿ ಗೋಡೆಯೊಳಗಿಂದ ಹಾದುಬರುತ್ತದೆ. ರಾಜೂರಿನ ನಮ್ಮ ಮನೆಯ ಕಟ್ಟೆಯ ಮೇಲೆ, ಮಧ್ಯಾಹ್ನದ ರೊಟ್ಟಿ ಮುಗಿದ ಮೇಲೆ, ಅವ್ವ ಅದನ್ನು ಆಡುತ್ತಾಳೆ. ಜೀವಮಾನವೆಲ್ಲ ಕೂರಿಗೆಯ ಹಿಂದೆ ಬೀಜ ಬಿಡುತ್ತ ನಡೆದವಳು. ಎತ್ತಿನ ಹಗ್ಗವನ್ನು ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. ಇಲ್ಲಿ ಹೆಬ್ಬೆರಳಿನಿಂದ ಎತ್ತು ಹೊಡೆಯುತ್ತಾಳೆ.

ಸೋಮವಾರ ನಮ್ಮ ಕಡೆ ಎತ್ತಿಗೆ ಬಿಡುವಿನ ದಿನ, ನೊಗ ಹೂಡುವುದಿಲ್ಲ. ಅಂಥ ಒಂದು ಸೋಮವಾರ ಅವಳು ಫೋನನ್ನು ನನ್ನ ಮುಂದೆ ಹಿಡಿದಳು.

“ನೊಗ ಹ್ಯಾಂಗ ಇಳಸೂದು ತೋರ್ಸ.”

“ಆಟದಾಗೂ ಸೋಮವಾರ ಏನ ಬೇ?”

“ಎತ್ತ ಅಂದಮ್ಯಾಲೆ ಎತ್ತ. ಬಿಚ್ಚ ಸುಮ್ಕ.”

ಬಿಚ್ಚಿದೆ. ನೊಗ ಕಳಚಿದ್ದೇ ತಡ, ಜೋಡೆತ್ತು ನೆಲ ಬಿಟ್ಟು ಮೆಲ್ಲಗೆ ಮೇಲೇರಿದವು. ಕಾಲುಗಳು ಮಾತ್ರ ನಡೆಯುತ್ತಲೇ ಇದ್ದವು, ಮೋಡದೊಳಗೆ ಮೇಯಲು ಹೊರಟಂತೆ. ನಮ್ಮ ಕಟ್ಟೆಯಿಂದ ಕಾಣುವ ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟಿನ ಗಾಳಿಫ್ಯಾನುಗಳು ತಿರುಗುತ್ತಿದ್ದವು. ಎತ್ತುಗಳು ಅತ್ತಲೇ ಹೊರಟವೆಂದು ನನಗೂ ಒಂದು ಗಳಿಗೆ ಅನಿಸಿತು.

“ಹೋಗ್ಲಿ ಬಿಡ, ದುಡದು ಸಾಕಾಗಿತ್ತ ಅವಕ್ಕ,” ಅಂದಳು ಅವ್ವ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ರೋಣದ ಕಾಲೇಜಿನಲ್ಲಿ ಇಂಗ್ಲಿಷ್ ಓದುವಾಗ ಉಚ್ಚಾರ ತಪ್ಪಿದರೆ ಹಿಂದಿನ ಬೆಂಚು ನಗುತ್ತಿತ್ತು. ಆದರೂ ಓದಿ ಮುಗಿಸಿದೆ. ಈ ಆಟದಲ್ಲಿ ಆ ಭಯವಿಲ್ಲ. ನಾವು ತಪ್ಪುವ ಮೊದಲೇ ಅದು ತಪ್ಪಿರುತ್ತದೆ. ಅದಕ್ಕೇ ಅವ್ವನ ಬೆರಳು ನಡುಗುವುದಿಲ್ಲ.

ಮೊನ್ನೆ ಆಟ ತೆರೆದಾಗ ಇಂಗ್ಲಿಷಿನಲ್ಲಿ ಏನೋ ಬರಹ ಮೂಡಿತು.

“ಏನಂತದು?”

“ಹೊಸಾದು ಹಾಕ್ಕೋರಿ ಅಂತೈತಿ. ಎಲ್ಲಾ ರಿಪೇರಿ ಮಾಡ್ಯಾರಂತ. ಇನ್ನ ಎತ್ತ ಹಾರೂದಿಲ್ಲಂತ.”

ಅವ್ವ ಫೋನು ಕಸಿದುಕೊಂಡು ಸೆರಗಿನೊಳಗೆ ಮುಚ್ಚಿದಳು. ಬಿಸಿಲಿಗೆ ಮಲಗಿದ್ದ ಬೆಕ್ಕು ಕಣ್ಣು ತೆರೆದು ಮತ್ತೆ ಮುಚ್ಚಿತು.

“ಬ್ಯಾಡ ಅನ್ನೂದು ಎಲ್ಲೈತಿ ಅದರಾಗ?”

“ಕೆಳಗೈತಿ. ಕೊಡ ಇಲ್ಲೆ.”

“ಒತ್ತ ಮತ್ತ. ಇಷ್ಟ ಓದೀದಿ, ಬ್ಯಾಡ ಅನ್ನೂದೊಂದ ಕಲಿಸಿಲ್ಲೇನ ಅವರು?”

ಒತ್ತಿದೆ. ಆ ಬರಹ ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಅವ್ವ ಕಟ್ಟೆಯಿಂದ ಕೂಗುತ್ತಾಳೆ; ಕೈಕೆಲಸ ಬಿಟ್ಟು ಹೋಗಿ, ಓದಿ, ಬೇಡ ಅನ್ನುತ್ತೇನೆ. ಆಮೇಲೆ ನೊಗ ಬಿಚ್ಚಿ ಇಬ್ಬರೂ ಕೂತು, ಎತ್ತುಗಳು ಕಾಣದಾಗುವವರೆಗೆ ನೋಡುತ್ತೇವೆ.