ಚೇರ್ಮನ್ನರ ಕನ್ನಡಕ

೧೯೩೮ರಲ್ಲಿ ನಾನು ಹೊನ್ನಾಳಿ ತಾಲ್ಲೂಕಿನ ನ್ಯಾಮತಿಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್. ಬಾವಿಗೆ ಔಷಧಿ ಹಾಕಿಸುವುದು, ಮ್ಯಾಜಿಕ್ ಲ್ಯಾಂಟರ್ನ್ ಹೊತ್ತು ಆರೋಗ್ಯ ಭಾಷಣ ಮಾಡುವುದು ನನ್ನ ಕೆಲಸ. ಗಾಜಿನ ಸ್ಲೈಡುಗಳನ್ನು ದೀಪದ ಬೆಳಕಿನಿಂದ ಬಟ್ಟೆಯ ಮೇಲೆ ದೊಡ್ಡದಾಗಿ ಮೂಡಿಸುವ ಪೆಟ್ಟಿಗೆ ಅದು. ಚಿಂತೆ ಮಾಡುವುದು ಇಲಾಖೆ ವಹಿಸದ ಕೆಲಸ. ಅದನ್ನೇ ಹೆಚ್ಚು ಶ್ರದ್ಧೆಯಿಂದ ಮಾಡುತ್ತಿದ್ದೆ.

ಆ ವರ್ಷ ಹೆರಿಗೆಯ ಸ್ಲೈಡುಗಳು ಬಂದವು. ಒಂದರಲ್ಲಿ ಬಟ್ಟೆಯಿಲ್ಲದ ಹೆಣ್ಣಿನ ದೇಹ, ಗರ್ಭಕೋಶ, ಕೂಸು ಹೊರಬರುವ ದಾರಿ. ನೋಡಿ ನನಗೇ ಬೆವರು ಬಂತು. ಹೆಂಗಸರಿಗೆ ತೋರಿಸುವ ಮೊದಲು ಊರ ಹಿರಿಯರಿಗೆ ತೋರಿಸಿ ಒಪ್ಪಿಗೆ ಪಡೆಯುವುದು ನನ್ನ ಪದ್ಧತಿ. ಪಂಚಾಯಿತಿ ಚೇರ್ಮನ್ ವೀರಭದ್ರಪ್ಪನವರನ್ನು ಅಣ್ಣನೆಂದೇ ಕರೆಯುತ್ತಿದ್ದೆ; ನನ್ನ ಹಬ್ಬದೂಟವೆಲ್ಲ ಅವರ ಮನೆಯಲ್ಲೇ. ಅವರೂ ಇತರ ಹಿರಿಯರೂ ಶಾಲೆಯ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತರು. ಸೊಳ್ಳೆಯ ಚಿತ್ರಕ್ಕೆ ಆಕಳಿಸುತ್ತಿದ್ದವರು ಈ ಚಿತ್ರಕ್ಕೆ ನೆಟ್ಟಗಾದರು.

"ಇನ್ನೊಂದ್ಸಲ ಹಾಕ್ರೀ. ಕನ್ನಡಕ ಮನ್ಯಾಗೆ ಬಿಟ್ಟು ಬಂದೀನಿ," ಎಂದರು ಚೇರ್ಮನ್ನರು.

"ಕನ್ನಡಕ ಇಲ್ದೆ ಮತ್ತೆ ಹಾಕಿದ್ರೂ ಅಷ್ಟೇ ಅಲ್ವೇನಣ್ಣಾ?"

"ನೀವು ಹಾಕ್ರಿ, ನಾವು ನೋಡ್ಕಂತೀವಿ."

ಕೊನೆಗೆ ತೀರ್ಪು ಬಂತು: "ಇದು ಶಾಸ್ತ್ರ. ತೋರ್ಸಾಕೆ ಅಡ್ಡಿಯಿಲ್ಲ. ಏನಾದ್ರೂ ಆದ್ರೆ ನಾನಿದೀನಿ."

ಹೆಂಗಸರ ಸಭೆಯಲ್ಲಿ ಮಿಡ್‌ವೈಫ್ ಶಾಂತಮ್ಮನೇ ಲ್ಯಾಂಟರ್ನ್ ನಡೆಸಿದರು. ಬಟ್ಟೆಗೆಲ್ಲಿ ಬೆಂಕಿ ಹತ್ತೀತೋ ಎಂದು ನಾನು ಹೊರಗೆ ಜಗಲಿಯ ಮೇಲೆ ಕೂತಿದ್ದೆ. ಒಳಗೊಂದು ದನಿ ಕೇಳಿತು: "ಹೆತ್ತಮ್ಯಾಗೆ ಗಂಡನ್ನ ಎಲ್ಲೀವರೆಗೆ ದೂರ ಇಡಬೇಕ್ರವ್ವಾ?"

"ಮೈ ಮಾಗಾವರೆಗೆ. ಕೇಳದಿದ್ರೆ ನನ್ನತ್ರ ಕಳಿಸ್ರಿ, ದೀಪ ಹಚ್ಚಿ ತೋರಿಸ್ತೀನಿ!"

ಆ ನಗು ಮನೆಮನೆಗೂ ಹೋಯಿತು. ಕೆಲವು ಗಂಡಂದಿರಿಗೆ ಜಗಲಿಯ ಮೇಲೆ ಹಾಸಿಗೆ ಬಿತ್ತು. ವಾರದೊಳಗೆ ಗಂಡಸರಿಂದ ಇಲಾಖೆಗೆ ಅರ್ಜಿ: ಶಾಂತಮ್ಮ ಸಂಸಾರಸ್ಥ ಹೆಂಗಸರಿಗೆ ಅಶ್ಲೀಲ ಚಿತ್ರ ತೋರಿಸಿ ಕೆಡಿಸುತ್ತಿದ್ದಾಳೆ, ಕೆಲಸದಿಂದ ತೆಗೆಯಬೇಕು. ವಿಧವೆಯಾದ ಆಕೆಗೆ ಆ ಕೆಲಸ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ವಿಚಾರಣೆ ಮುಗಿಯುವವರೆಗೆ ಸ್ಲೈಡುಗಳ ಪೆಟ್ಟಿಗೆಯನ್ನು ಪಂಚಾಯಿತಿಯವರು ಚೇರ್ಮನ್ನರ ಮನೆಯಲ್ಲಿ ಇಡಿಸಿದರು.

ಶಿವಮೊಗ್ಗದಿಂದ ಅಧಿಕಾರಿ ಬಂದರು. ಜೀವಮಾನದಲ್ಲಿ ಮೊದಲ ಸಲ ನಾನು ಚಿಂತೆಯಿಲ್ಲದೆ ಎದುರು ನಿಂತೆ; ಅಣ್ಣ ಇದ್ದಾರಲ್ಲ. "ನೋಡಿ ಒಪ್ಪಿಗೆ ಕೊಟ್ಟವರು ಇವರೇ, ಸ್ವಾಮಿ," ಎಂದೆ.

ವೀರಭದ್ರಪ್ಪನವರು ನನ್ನ ಮುಖ ನೋಡಲಿಲ್ಲ. "ಸೊಳ್ಳೆ ಚಿತ್ರ ನೋಡಿದ್ದು ಖರೆ. ಇಂಥ ಹೊಲಸು ನಮಗೆ ತೋರಿಸಿಲ್ರಿ. ತೋರ್ಸಿದ್ರೆ ಸುಮ್ನೆ ಬಿಡ್ತಿದ್ವಾ?"

ಉಳಿದವರು ತಲೆಯಾಡಿಸಿದರು. ನಾನು ಕನ್ನಡಕದ ಸಂಗತಿ ಹೇಳಿದೆ. ಅಧಿಕಾರಿ ನಕ್ಕರು, ಬರೆದುಕೊಳ್ಳಲಿಲ್ಲ.

ಶಾಂತಮ್ಮನ ಕೆಲಸ ಹೋಯಿತು. ಬಸ್ಸು ಹತ್ತುವಾಗ ಅವರು ಅಂದದ್ದು ಇಷ್ಟೇ: "ಅವ್ರು ನೋಡಿದ್ರೆ ಶಾಸ್ತ್ರ, ಅವ್ರ ಹೆಂಡ್ರು ನೋಡಿದ್ರೆ ಹೊಲಸು. ಹೆಂಗೈತೆ ನೋಡ್ರಿ ಇನ್‌ಸ್ಪೆಕ್ಟರೇ!"

ನನಗೆ ಜಗಳೂರಿಗೆ ವರ್ಗವಾಯಿತು. ಪೆಟ್ಟಿಗೆ ತರಲು ಚೇರ್ಮನ್ನರ ಮನೆಗೆ ಹೋದೆ. ತೆರೆದು ನೋಡಿದರೆ ಸೊಳ್ಳೆ, ನೊಣ, ಇಲಿ ಎಲ್ಲ ಇದ್ದವು. ಆ ಒಂದು ಸ್ಲೈಡ್ ಮಾತ್ರ ಇರಲಿಲ್ಲ.

"ಒಡೆದೋತು," ಎಂದರು.

"ಚೂರಾದ್ರೂ ಕೊಡಿ ಅಣ್ಣಾ, ಇಲಾಖೆಗೆ ಒಪ್ಪಿಸಬೇಕು."

"ಹುಡುಕಿಸ್ತೀನಿ ಬಿಡ್ರಿ." ಆ ದಿನ ಕನ್ನಡಕ ಮೂಗಿನ ಮೇಲೇ ಇತ್ತು.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಿಕ್ಕ ಒಪ್ಪಿಗೆ ಬಾಗಿಲು ದಾಟುವುದಿಲ್ಲ ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಅಂದಿನಿಂದ ಹಿರಿಯರ ಒಪ್ಪಿಗೆ ಕೇಳುವಾಗ ಅವರ ಹೆಂಡತಿಯರನ್ನೂ ಪಕ್ಕದಲ್ಲಿ ಕೂರಿಸಿಯೇ ಕೇಳುತ್ತೇನೆ. ಬಹಳ ಊರುಗಳಲ್ಲಿ ಒಪ್ಪಿಗೆ ಸಿಗುವುದಿಲ್ಲ. ಅಲ್ಲಿ ಸೊಳ್ಳೆ ತೋರಿಸಿ ಬರುತ್ತೇನೆ.