ಚಕ್ಕೆಯಿಂದ ಬಂದ ಕ್ರಿಯಾಪದ

ಅವ್ವ ತನ್ನ ಸುತ್ತಿಗೆ ಕೊಡಲು ಒಪ್ಪಿದ್ದೇ ಹೆಚ್ಚು. ನಾನು ಇಂಗ್ಲಿಷ್ ಪಾಠ ಮಾಡುವ ಹೊಸಪೇಟೆಯ ಕಾಲೇಜಿನಲ್ಲಿ ಹಳೆಯ ಕಸುಬಿನ ಸಾಮಾನುಗಳಿಗೆಂದು ಒಂದು ಕೋಣೆ ಮಾಡುತ್ತಿದ್ದೆವು. ಎರಡೂ ಭಾಷೆಯಲ್ಲಿ ವಿವರ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

ಅವ್ವ ಯಶವಂತನಗರದ ಕಡೆ ಗಣಿಯಲ್ಲಿ ಅದಿರು ಒಡೆದವಳು. ಅಲ್ಲಿನ ಹೆಂಗಸರು ಸೈಕಲ್ ಟೈರನ್ನು ಬಳೆಯಂತೆ ಸುತ್ತಿ ಕಟ್ಟಿ, ಅದರೊಳಗೆ ಕಲ್ಲಿಟ್ಟು ಹೊಡೆಯುತ್ತಿದ್ದರು. ಬೆರಳು ಉಳಿಯುತ್ತಿದ್ದವು. ಸಿಡಿಯುವ ಚಕ್ಕೆ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ. ಅವ್ವನ ಎಡಗಣ್ಣು ಹಾಗೇ ಹೋಯಿತು.

“ಕಣ್ಣಿನ ಸುದ್ದಿ ಬರೀಬ್ಯಾಡ ಮತ್ತ,” ಎಂದಳು. “ಕೆಲಸ ಬಲ್ಲಾಕಿ ಕಣ್ಣಿಗೆ ಚಕ್ಕಿ ಬೀಳಂಗಿಲ್ಲ ಅಂತಿದ್ರು. ನನ್ನ ಕೈ ತಪ್ಪಿತ್ತು.”

ಆ ಹೆಂಗಸರೆಲ್ಲ ನಂಬಿದ್ದ ಮಾತದು. ನನಗೆ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ವಾದ ಮಾಡಿ ಅವಳ ಎದುರು ಗೆದ್ದವರಿಲ್ಲ.

ಕನ್ನಡದಲ್ಲಿ ‘ಅದಿರು ಒಡೆಯುವ ಸುತ್ತಿಗೆ’ ಎಂದು ಬರೆದದ್ದಾಯಿತು. ಇಂಗ್ಲಿಷಿನ ‘ಬ್ರೇಕ್’ ಸಪ್ಪೆ ಎನಿಸಿತು. ತಟ್ಟೆ ಒಡೆದರೂ ಅದೇ, ಮನಸ್ಸು ಒಡೆದರೂ ಅದೇ. ನಿಘಂಟು ಹಿಡಿದರೆ ಊಟ ಮರೆಯುವ ಜಾತಿ ನನ್ನದು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು: ‘ಸ್ಪಾಲ್’. ಅದಿರನ್ನು ಸುತ್ತಿಗೆಯಿಂದ ಒಡೆದು ಸಣ್ಣದು ಮಾಡುವುದು. ಇಷ್ಟು ವರ್ಷ ಪಾಠ ಹೇಳಿದರೂ ಆ ಮಾತು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅದರ ಜಾಡು ಹಿಡಿದೆ. ಮೊದಲು ಅದು ಸಿಡಿದ ಚಕ್ಕೆಯ ಹೆಸರಂತೆ. ‘ಸೀಳು’ ಎಂಬರ್ಥದ ಇನ್ನೂ ಹಳೆಯ ಮಾತಿನ ನಂಟೂ ಇರಬಹುದಂತೆ. ಇರಬಹುದು ಎನ್ನದೆ ಪಂಡಿತರು ಒಂದು ಸಾಲೂ ಮುಗಿಸುವುದಿಲ್ಲ. ಇಂಗ್ಲೆಂಡಿನ ತಾಮ್ರದ ಗಣಿಗಳಲ್ಲೂ ಅದಿರು ಒಡೆಯುತ್ತಿದ್ದವರು ಹೆಂಗಸರೇ ಎಂಬ ಸಾಲನ್ನು ಎರಡು ಸಲ ಓದಿದೆ.

ಸಂಜೆ ಆ ಮಾತು ಹುಟ್ಟಿದ ಬಗೆ ಅವ್ವನಿಗೆ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

“ಕೆಲಸಕ್ಕ ಸುತ್ತಿಗಿ ಹೆಸರು ಇಡಲಿಲ್ಲೇನು?”

“ಇಲ್ಲವ್ವ. ಚಕ್ಕಿ ಹೆಸರ ಇಟ್ಟಾರ.”

“ಅಂದ್ರ ಅಲ್ಲೂ ಸಿಡೀತಿತ್ತು.”

“ಚಕ್ಕಿ ಸಿಡೀಲಾರದ ಕಲ್ಲು ಎಲ್ಲಿ ಒಡೀತದವ್ವ?”

ಅವಳು ಸೆರಗಿನಿಂದ ಎಡಗಣ್ಣು ಒರೆಸಿಕೊಂಡಳು.

“ಹಂಗಾದ್ರ ನನ್ನ ಕೈ ತಪ್ಪಿದ್ದಿಲ್ಲ,” ಎಂದಳು. “ಬರಿ. ಕಣ್ಣಿನ ಸುದ್ದೀನೂ ಬರಿ.”